ಹದಕ್ಕೆ ಬಂದ ಲೋಹ

ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಅಜ್ಜಿಯ ಕಾಲದ ಅಲ್ಯೂಮಿನಿಯಂ ಡಬರಿಯೊಂದಿದೆ. ಮೈತುಂಬ ನೆಗ್ಗು. ಯಾವ ನೆಗ್ಗು ಎಲ್ಲಿ ಬಿದ್ದದ್ದೆಂದು ಅಮ್ಮ ಇವತ್ತಿಗೂ ಹೇಳುತ್ತಾರೆ. ಇದು ಬಾವಿಕಟ್ಟೆಯಿಂದ ಉರುಳಿದಾಗಿನದು, ಇದು ಮದುವೆಮನೆಯಲ್ಲಿ ಯಾರೋ ಸೌಟಿನಿಂದ ಬಡಿದದ್ದು. ಒಂದು ಏಟಿಗೆ ಒಂದು ಗುರುತು, ಆಮೇಲೆ ಅದು ಅಳಿಸಿದ್ದೇ ಇಲ್ಲ.

ಪಕ್ಕದ ಕೋಣೆಯ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಇದೆ. ಅದರ ಹೊರಮೈಯೂ ಅಲ್ಯೂಮಿನಿಯಮ್ಮೇ. 100ರಲ್ಲಿ ಸುಮಾರು 98 ಪಾಲು ಡಬರಿಯ ಲೋಹವೇ. ಆದರೂ ಚೀಲದೊಳಗೆ ಪುಸ್ತಕ, ಊಟದ ಡಬ್ಬಿಗಳ ನಡುವೆ ಸಿಕ್ಕಿ, ಬಸ್ಸಿನ ನೂಕುನುಗ್ಗಲಿನಲ್ಲಿ ಒತ್ತಿಸಿಕೊಂಡು ವರ್ಷಗಳೇ ಕಳೆದರೂ ಅದರ ಮುಚ್ಚಳ ಕನ್ನಡಿಯಂತೆ ಸಪಾಟಾಗಿದೆ.

ಹಾಗಾದರೆ ಉಳಿದ ಎರಡು ಪಾಲು ಮಾಡಿದ್ದೇನು? ಸಾರಿಗೆ ಹಾಕುವ ಇಂಗಿನಷ್ಟು ಬೆರಕೆಯಿಂದ ಮೆತ್ತನೆಯ ಲೋಹವೊಂದು ಹೀಗೆ ಗಟ್ಟಿಯಾಗುವುದು ಹೇಗೆ? ನಮ್ಮ ಜೇಬಿನ ಫೋನು ಇಷ್ಟು ತೆಳ್ಳಗೆ, ಹಗುರವಾಗಿ ಇರುವುದರ ಗುಟ್ಟು ಈ ಪ್ರಶ್ನೆಯಲ್ಲೇ ಇದೆ.

ಅಪರಂಜಿಯ ಬಳೆ

ಅರ್ಧ ಉತ್ತರ ನಮಗೆ ಮೊದಲೇ ಗೊತ್ತು. ಅಕ್ಕಸಾಲಿಗರ ಬಳಿ ಹೋಗಿ ಅಪ್ಪಟ ಅಪರಂಜಿಯಲ್ಲೇ ಬಳೆ ಮಾಡಿಕೊಡಿ ಎಂದರೆ ಅವರು ಒಪ್ಪುವುದಿಲ್ಲ. ‘ನಿಲ್ಲೋದಿಲ್ಲಮ್ಮ, ಸೊಟ್ಟಗಾಗುತ್ತೆ’ ಅನ್ನುತ್ತಾರೆ. ಅದಕ್ಕೇ ಒಡವೆಯ ಚಿನ್ನ 22 ಕ್ಯಾರೆಟ್. 100ರಲ್ಲಿ 91.6 ಪಾಲು ಚಿನ್ನ, ಮಿಕ್ಕದ್ದು ತಾಮ್ರ, ಬೆಳ್ಳಿ. ಬೆರಕೆ ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಹಾಲಿಗೆ ಬೆರೆಸಿದರೆ ಅದು ಮೋಸ. ಆದರೆ ಲೋಹದ ಲೋಕದಲ್ಲಿ ಬೆರಕೆಯೇ ಬಲ. ತಾಮ್ರಕ್ಕೆ ತವರ ಸೇರಿ ಕಂಚಾಯಿತು, ಸತು ಸೇರಿ ಹಿತ್ತಾಳೆಯಾಯಿತು, ಕಬ್ಬಿಣಕ್ಕೆ ಚೂರು ಇಂಗಾಲ ಸೇರಿ ಉಕ್ಕಾಯಿತು. ಹೀಗೆ ಬೆರೆತ ಲೋಹವೇ ಮಿಶ್ರಲೋಹ.

ಬೆರಸಿದರೆ ಗಟ್ಟಿಯಾಗುತ್ತದೆ ಎಂಬುದು ಸಾವಿರಾರು ವರ್ಷಗಳ ಅನುಭವ. ಏಕೆ ಗಟ್ಟಿಯಾಗುತ್ತದೆ ಎಂಬುದು ತಿಳಿದು ಇನ್ನೂ ನೂರು ವರ್ಷವಾಗಿಲ್ಲ. ಅದು ತಿಳಿಯಬೇಕಾದರೆ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕಿತ್ತು: ಲೋಹ ಬಾಗುವುದಾದರೂ ಹೇಗೆ?

ಮದುವೆಮನೆಯ ಜಮಖಾನೆ

ಹಣ್ಣಿನಂಗಡಿಯಲ್ಲಿ ಕಿತ್ತಳೆಗಳನ್ನು ಸಾಲುಸಾಲಾಗಿ ಒಟ್ಟಿರುವುದನ್ನು ನೆನೆಸಿಕೊಳ್ಳಿ. ಲೋಹದೊಳಗೆ ಪರಮಾಣುಗಳು ಹಾಗೆಯೇ ಇರುತ್ತವೆ, ಸಾಲಿನ ಮೇಲೆ ಸಾಲು, ಪದರದ ಮೇಲೆ ಪದರ. ಲೋಹ ಬಾಗಿ ಹಾಗೇ ಉಳಿಯಿತು ಎಂದರೆ ಒಂದು ಪದರ ಇನ್ನೊಂದರ ಮೇಲೆ ಜಾರಿತು ಎಂದರ್ಥ. ಆದರೆ ಇಡೀ ಪದರ ಒಟ್ಟಿಗೇ ಜಾರಲು ಎಷ್ಟು ಬಲ ಬೇಕು? 1926ರಲ್ಲಿ ರಷ್ಯಾದ ಯಾಕೊವ್ ಫ್ರೆಂಕೆಲ್ ಲೆಕ್ಕ ಹಾಕಿ ನೋಡಿದರು. ಬಂದ ಉತ್ತರ, ಮೃದು ಲೋಹಗಳು ನಿಜವಾಗಿ ಬಾಗುವ ಬಲಕ್ಕಿಂತ ಸಾವಿರ ಪಟ್ಟು ಹೆಚ್ಚು! ಆ ಲೆಕ್ಕದ ಪ್ರಕಾರ ಅಜ್ಜಿಯ ಡಬರಿ ನೆಗ್ಗಲೇಬಾರದಿತ್ತು.

ಒಗಟು ಬಿಡಿಸಲು ಮದುವೆಮನೆಗೆ ಬನ್ನಿ. ಛತ್ರದ ತುಂಬ ಹಾಸಿದ ಭಾರಿ ಜಮಖಾನೆಯನ್ನು ಒಂದು ಗೇಣು ಆಚೆ ಸರಿಸಬೇಕು. ತುದಿ ಹಿಡಿದು ಎಳೆದರೆ ನಾಲ್ಕು ಜನ ಸೇರಿದರೂ ಅಲುಗದು. ತಿಳಿದವರು ಹಾಗೆ ಎಳೆಯುವುದಿಲ್ಲ. ಒಂದು ತುದಿಯಲ್ಲಿ ಗೇಣುದ್ದ ಒಳಕ್ಕೆ ಎಳೆದು ಸುಕ್ಕು ಮಾಡುತ್ತಾರೆ. ಆಮೇಲೆ ಆ ಸುಕ್ಕನ್ನು ಕಾಲಿನಿಂದ ತಳ್ಳುತ್ತಾ ಆಚೆ ತುದಿಯವರೆಗೆ ನಡೆಯುತ್ತಾರೆ. ಸುಕ್ಕು ಆ ಕಡೆಯಿಂದ ಹೊರಬಿದ್ದಾಗ ಇಡೀ ಜಮಖಾನೆ ಗೇಣಷ್ಟು ಸರಿದಿರುತ್ತದೆ. ಒಬ್ಬ ಹುಡುಗ ಸಾಕು. ಯಾವ ಕ್ಷಣದಲ್ಲೂ ಅವನು ಸರಿಸಿದ್ದು ಸುಕ್ಕಿನ ಅಗಲದಷ್ಟು ಬಟ್ಟೆಯನ್ನು ಮಾತ್ರ.

ಲೋಹದ ಸಾಲುಗಳಲ್ಲೂ ಇಂಥ ಸುಕ್ಕುಗಳಿವೆ. ಒಂದು ಸಾಲು ಅರ್ಧಕ್ಕೇ ನಿಂತು, ಸುತ್ತಲಿನ ಸಾಲುಗಳು ಅದಕ್ಕೆ ಹೊಂದಿಕೊಳ್ಳಲು ಒತ್ತರಿಸಿಕೊಂಡಿರುತ್ತವೆ. ಅದನ್ನು ನಾವು ‘ಸಾಲುಸುಕ್ಕು’ ಎನ್ನೋಣ. ವಿಜ್ಞಾನಿಗಳ ಭಾಷೆಯಲ್ಲಿ ಅದು ಡಿಸ್ಲೊಕೇಶನ್. ಲೋಹವನ್ನು ಒತ್ತಿದಾಗ ಈ ಸುಕ್ಕು ಒಂದೊಂದೇ ಸಾಲು ದಾಟುತ್ತಾ ಸಾಗುತ್ತದೆ, ಲೋಹ ಸುಲಭವಾಗಿ ಬಾಗುತ್ತದೆ. 1934ರಲ್ಲಿ ಜೆಫ್ರಿ ಟೇಲರ್, ಎಗಾನ್ ಒರೊವಾನ್, ಮೈಕೆಲ್ ಪೊಲಾನ್ಯಿ ಎಂಬ ಮೂವರು ಬೇರೆ ಬೇರೆಯಾಗಿಯೇ ಯೋಚಿಸಿ ಒಂದೇ ವರ್ಷ ಈ ಉತ್ತರಕ್ಕೆ ಬಂದರು.

ಈ ಅಧ್ಯಾಯದಿಂದ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದು: ಲೋಹವನ್ನು ಗಟ್ಟಿ ಮಾಡುವುದೆಂದರೆ ಸುಕ್ಕಿನ ದಾರಿಗೆ ಅಡ್ಡ ಹಾಕುವುದು.

ತಂತಿ ಬಗ್ಗಿಸಿ ನೋಡಿ

ಹಳೆಯ ವೈರಿನೊಳಗಿನ ದಪ್ಪ ತಾಮ್ರದ ತಂತಿಯೊಂದನ್ನು ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ, ಆರಲು ಬಿಡಿ. ಈಗ ಬಗ್ಗಿಸಿ, ಬೆಣ್ಣೆಯ ಹಾಗೆ ಬಾಗುತ್ತದೆ. ಅದೇ ಜಾಗದಲ್ಲಿ ನೆಟ್ಟಗೆ ಮಾಡಲು ಹೋಗಿ. ಆಗದು! ಬಾಗಿದ ಜಾಗ ಬಿಗಿದು ನಿಂತಿರುತ್ತದೆ, ಅದರ ಅಕ್ಕಪಕ್ಕ ಬಾಗುತ್ತದೆ. ತಂತಿಗೆ ನೀವು ಏನನ್ನೂ ಬೆರೆಸಲಿಲ್ಲ. ಬಾಗಿಸಿದಾಗ ಹೊಸ ಸುಕ್ಕುಗಳು ಹುಟ್ಟಿ ಒಂದಕ್ಕೊಂದು ಸಿಕ್ಕಾಗಿ ನಿಂತವು, ಅಷ್ಟೇ. ಸುಕ್ಕಿಗೆ ಸುಕ್ಕೇ ಅಡ್ಡ.

ಕಾಯಿಸಿ ಆರಿಸಿದ ಮೃದು ಲೋಹದ ಒಂದು ಘನ ಸೆಂಟಿಮೀಟರಿನಲ್ಲಿರುವ ಸುಕ್ಕುಗಳನ್ನೆಲ್ಲ ತುದಿಗೆ ತುದಿ ಜೋಡಿಸಿದರೆ ಹತ್ತಾರು ಕಿಲೋಮೀಟರ್ ಉದ್ದವಾಗುತ್ತದೆ. ಚೆನ್ನಾಗಿ ಬಡಿದ ಲೋಹದಲ್ಲಿ ಅದು ಲಕ್ಷಾಂತರ ಕಿಲೋಮೀಟರ್. ಕಂಚುಗಾರರು ತಾಮ್ರದ ತಗಡನ್ನು ಬಡಿದು ಬಡಿದು, ನಡುನಡುವೆ ಮತ್ತೆ ಕುಲುಮೆಗೆ ಹಿಡಿಯುವುದು ಇದಕ್ಕೇ. ಬಡಿದಂತೆ ಗಂಟು ಹೆಚ್ಚುತ್ತದೆ. ಬೆಂಕಿಗೆ ಹಿಡಿದರೆ ಬಿಡಿಸಿಕೊಳ್ಳುತ್ತದೆ. ಆದರೆ ಈ ದಾರಿಯಲ್ಲಿ ಬಹಳ ದೂರ ಹೋಗುವಂತಿಲ್ಲ. ಗಂಟು ಮಿತಿಮೀರಿದರೆ ಲೋಹ ಬಿರುಕು ಬಿಡುತ್ತದೆ. ಬೇರೆ ಬಗೆಯ ಅಡ್ಡಿ ಬೇಕು.

ಶನಿವಾರ ಮೆತ್ತಗೆ, ಸೋಮವಾರ ಗಟ್ಟಿ

ಆ ಅಡ್ಡಿ ಸಿಕ್ಕಿದ್ದು ಆಕಸ್ಮಿಕವಾಗಿ. ಬರ್ಲಿನ್ ಬಳಿಯ ಪ್ರಯೋಗಾಲಯದಲ್ಲಿ ಆಲ್ಫ್ರೆಡ್ ವಿಲ್ಮ್ ಎಂಬ ಲೋಹಶಾಸ್ತ್ರಜ್ಞ ಅಲ್ಯೂಮಿನಿಯಮ್ಮನ್ನು ಗಟ್ಟಿಗೊಳಿಸಲು ಹೆಣಗುತ್ತಿದ್ದ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೆ ಗಟ್ಟಿಯಾಗುತ್ತದೆ ಎಂಬುದು ಪ್ರತಿ ಕಮ್ಮಾರನಿಗೂ ಗೊತ್ತು. ಅಲ್ಯೂಮಿನಿಯಮ್ಮಿಗೆ ಹಾಗೆಯೇ ಮಾಡಿದರೆ? 1906ರಲ್ಲಿ ಆತ ಅದಕ್ಕೆ 100ಕ್ಕೆ 4 ಪಾಲು ತಾಮ್ರ, ಅರ್ಧ ಪಾಲು ಮೆಗ್ನೀಶಿಯಂ ಬೆರೆಸಿ, 500 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ತಣ್ಣೀರಿಗೆ ಅದ್ದಿದ. ಅಳೆದಾಗ ಹೇಳಿಕೊಳ್ಳುವಂಥ ಗಟ್ಟಿತನ ಕಾಣಲಿಲ್ಲ.

ಅದು ಶನಿವಾರ ಎಂಬ ಕಥೆಯನ್ನು ಲೋಹಶಾಸ್ತ್ರದ ತರಗತಿಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಸೋಮವಾರ ಬಂದು ಅದೇ ತುಣುಕನ್ನು ಮತ್ತೆ ಅಳೆದರೆ ಲೋಹ ಬಹಳ ಗಟ್ಟಿಯಾಗಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ, ಕಾಯಿಸಿರಲಿಲ್ಲ, ಬಡಿದಿರಲಿಲ್ಲ. ಅದು ಸುಮ್ಮನೆ ಮೇಜಿನ ಮೇಲೆ ಇತ್ತು. ಕಾಲವೊಂದೇ ಅದರ ಮೇಲೆ ಕೆಲಸ ಮಾಡಿತ್ತು.

ಜರ್ಮನಿಯ ಡ್ಯೂರೆನ್ ಪಟ್ಟಣದ ಕಾರ್ಖಾನೆ ಆ ಲೋಹವನ್ನು ತಯಾರಿಸಲು ಹಕ್ಕು ಪಡೆಯಿತು, ಊರಿನ ಹೆಸರೇ ಸೇರಿ ಅದು ‘ಡ್ಯೂರಾಲುಮಿನ್’ ಆಯಿತು. ಜೆಪ್ಪಲಿನ್ ವಾಯುನೌಕೆಗಳ ಚೌಕಟ್ಟಿಗೂ, ಮುಂದೆ ವಿಮಾನಗಳ ಮೈಗೂ ಅದೇ ಬಂತು. ಆದರೆ ಸೋಮವಾರದ ಅಚ್ಚರಿಗೆ ಕಾರಣವೇನೆಂದು ವಿಲ್ಮ್‌ಗೆ ತಿಳಿದಿರಲಿಲ್ಲ. 1938ರಲ್ಲಿ ಫ್ರಾನ್ಸಿನ ಆಂದ್ರೆ ಗಿನಿಯೆ ಮತ್ತು ಇಂಗ್ಲೆಂಡಿನ ಜಾರ್ಜ್ ಪ್ರೆಸ್ಟನ್ ಎಕ್ಸ್-ರೇ ಹಾಯಿಸಿ ನೋಡಿದಾಗ ಲೋಹದೊಳಗೆ ಅತಿ ಸಣ್ಣ ಬಿಲ್ಲೆಗಳಿರುವ ಸುಳಿವು ಸಿಕ್ಕಿತು. ಒಂದೆರಡು ಪರಮಾಣುವಿನಷ್ಟೇ ದಪ್ಪದ ತಾಮ್ರದ ಬಿಲ್ಲೆಗಳು.

ದೋಸೆ ಹಿಟ್ಟಿನ ಲೆಕ್ಕ

ಅಲ್ಲಿ ನಡೆಯುವುದು ಇಷ್ಟು. ಬಿಸಿನೀರಿನಲ್ಲಿ ಸಕ್ಕರೆ ಹೆಚ್ಚು ಕರಗುತ್ತದೆ. ಪಾಕ ಆರಿದಾಗ ಹೆಚ್ಚಾದದ್ದು ಹರಳುಗಟ್ಟುತ್ತದೆ. ಕಾದ ಅಲ್ಯೂಮಿನಿಯಮ್ಮಿನಲ್ಲೂ ಬೆರಕೆಯ ಪರಮಾಣುಗಳು ಕರಗಿ ಎಲ್ಲೆಡೆ ಹಂಚಿಕೊಳ್ಳುತ್ತವೆ. ಥಟ್ಟನೆ ನೀರಿಗೆ ಅದ್ದಿದರೆ ಅವಕ್ಕೆ ಹೊರಬರಲು ವೇಳೆಯೇ ಸಿಗುವುದಿಲ್ಲ, ಇದ್ದಲ್ಲೇ ಸಿಕ್ಕಿಬೀಳುತ್ತವೆ. ಆಮೇಲೆ ಸಾವಕಾಶವಾಗಿ ಒಂದೊಂದೇ ಹೆಜ್ಜೆ ಸರಿದು, ತಮ್ಮವರನ್ನು ಹುಡುಕಿಕೊಂಡು ಗುಂಪುಗೂಡುತ್ತವೆ. ಕೋಟ್ಯಂತರ ಕಡೆ ಕೋಟ್ಯಂತರ ಪುಟ್ಟ ಗುಂಪುಗಳು. ಇವನ್ನು ‘ತಡೆಗಲ್ಲು’ ಎನ್ನೋಣ. ಜಮಖಾನೆಯ ಕೆಳಗೆ ಗೇಣಿಗೊಂದು ಗುಂಡುಕಲ್ಲು ಹೂತಿಟ್ಟಂತೆ; ಸುಕ್ಕು ಬರುತ್ತದೆ, ಕಲ್ಲಿಗೆ ತಗಲುತ್ತದೆ, ನಿಲ್ಲುತ್ತದೆ. ಅದನ್ನು ದಾಟಿಸಬೇಕಾದರೆ ಬಹಳ ಜೋರಾಗಿ ತಳ್ಳಬೇಕು.

ಎಲ್ಲವೂ ಹದದ ಮೇಲೆ ನಿಂತಿದೆ. ರುಬ್ಬಿಟ್ಟ ದೋಸೆ ಹಿಟ್ಟನ್ನು ನೋಡಿ. ರಾತ್ರಿಯಿಡೀ ಬಿಟ್ಟರೆ ಹದವಾಗಿ ಹುದುಗು ಬರುತ್ತದೆ. ಚಳಿಗಾಲದಲ್ಲಿ ತಡ, ಬೇಸಿಗೆಯಲ್ಲಿ ಬೇಗ. ಫ್ರಿಜ್ಜಿನಲ್ಲಿಟ್ಟರೆ ಹುದುಗು ತಡೆಯುತ್ತದೆ. ಹೊತ್ತು ಮೀರಿದರೆ ಹುಳಿಯಾಗುತ್ತದೆ. ಲೋಹವೂ ಹೀಗೆಯೇ ಮಾಗುತ್ತದೆ. ವಿಲ್ಮ್‌ನ ಲೋಹ ಮೇಜಿನ ಮೇಲೇ ಕೆಲವು ದಿನಗಳಲ್ಲಿ ಮಾಗಿತು. ಫೋನು, ಲ್ಯಾಪ್‌ಟಾಪುಗಳಿಗೆ ಬಳಸುವ ಮೆಗ್ನೀಶಿಯಂ–ಸಿಲಿಕಾನ್ ಬೆರೆತ ಅಲ್ಯೂಮಿನಿಯಮ್ಮನ್ನು ಸುಮಾರು 175 ಡಿಗ್ರಿಯ ಒಲೆಯಲ್ಲಿ ಎಂಟು ಗಂಟೆ ಇಟ್ಟು ಮಾಗಿಸುವುದು ಒಂದು ರೂಢಿ. ವಿಮಾನಕ್ಕೆ ಹೊಡೆಯುವ ಕೆಲವು ರಿವೆಟ್ಟುಗಳನ್ನಂತೂ ನೀರಿಗದ್ದಿದ ಕೂಡಲೇ ಮಂಜಿನಷ್ಟು ತಣ್ಣನೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅಲ್ಲಿ ಅವು ಮೆತ್ತಗೇ ಉಳಿಯುತ್ತವೆ. ಹೊರತೆಗೆದು ಬೇಗ ಬೇಗ ಬಡಿದು ಕೂರಿಸಿದರೆ, ಆಮೇಲೆ ರೆಕ್ಕೆಯಲ್ಲೇ ಮಾಗಿ ಗಟ್ಟಿಯಾಗುತ್ತವೆ.

ಹೊತ್ತು ಮೀರಿದರೆ ಇಲ್ಲೂ ಕೆಡುತ್ತದೆ. ದೊಡ್ಡ ಗುಂಪು ಸಣ್ಣ ಗುಂಪನ್ನು ನುಂಗುತ್ತದೆ, ಕಲ್ಲುಗಳು ದಪ್ಪವಾಗಿ ಎಣಿಕೆಯಲ್ಲಿ ಕಡಿಮೆಯಾಗುತ್ತವೆ. ನಡುವೆ ಅಗಲವಾದ ಓಣಿಗಳು ಬಿಟ್ಟುಕೊಳ್ಳುತ್ತವೆ, ಸುಕ್ಕು ಅವುಗಳಲ್ಲಿ ನುಸುಳಿ ಹೋಗುತ್ತದೆ. ಲೋಹ ಮತ್ತೆ ಮೆತ್ತಗಾಗುತ್ತದೆ. ಬೆರಕೆ ಅಷ್ಟೇ ಇದೆ, ತೂಕ ಅಷ್ಟೇ ಇದೆ. ಹದ ಮಾತ್ರ ತಪ್ಪಿದೆ.

ಜೇಬಿನಲ್ಲಿ ಬಾಗಿದ ಫೋನು

ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಅಲ್ಯೂಮಿನಿಯಂ ತಂತಿಯನ್ನು ತೊಲೆಗೆ ಕಟ್ಟಿ ಭಾರ ತೂಗುಹಾಕುತ್ತಾ ಹೋಗಿ. ಮೆತ್ತನೆಯ ಶುದ್ಧ ಅಲ್ಯೂಮಿನಿಯಂ 3–4 ಕಿಲೋಗೆ ಸೋತು ಜಗ್ಗಿಹೋಗುತ್ತದೆ. ಮೆಗ್ನೀಶಿಯಂ–ಸಿಲಿಕಾನ್ ಬೆರೆತು ಮಾಗಿದ 6061 ಎಂಬ ಬಗೆ ಸುಮಾರು 28 ಕಿಲೋ ತಡೆಯುತ್ತದೆ. ಸತು–ಮೆಗ್ನೀಶಿಯಂ–ತಾಮ್ರ ಬೆರೆತ 7075 ಎಂಬ ಬಗೆಗೆ 50 ಕಿಲೋದ ಅಕ್ಕಿ ಮೂಟೆಯನ್ನೇ ನೇತುಹಾಕಬಹುದು, ಇಳಿಸಿದರೆ ತಂತಿ ಮೊದಲಿನ ಉದ್ದಕ್ಕೇ ಮರಳುತ್ತದೆ.

ಈ ಅಂಕಿಗಳು ನಮ್ಮ ಜೇಬಿಗೆ ಇಳಿದದ್ದು ಹತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ. 2014ರಲ್ಲಿ ಬಂದ ಐಫೋನ್ 6 ಪ್ಲಸ್ 7.1 ಮಿಲಿಮೀಟರ್ ದಪ್ಪದ, ಅಗಲವಾದ ಫೋನು. ಬಿಗಿಯಾದ ಪ್ಯಾಂಟಿನ ಜೇಬಿನಲ್ಲಿಟ್ಟು ಕೂತವರ ಕೆಲವು ಫೋನುಗಳು ಬಾಗಿ, ಹಾಗೇ ಉಳಿದವು. ಜಗತ್ತಿನಾದ್ಯಂತ ಅದು ಸುದ್ದಿಯಾಯಿತು. ಮರುವರ್ಷದ 6ಎಸ್ ಫೋನಿಗೆ ಆ್ಯಪಲ್ ಕಂಪನಿ ಸತು ಬೆರೆತ 7000 ಬಳಗದ ಅಲ್ಯೂಮಿನಿಯಮ್ಮನ್ನು ಆರಿಸಿಕೊಂಡಿತು. ನೋಡಲು ಎರಡೂ ಒಂದೇ. ಒಳಗಿನ ತಡೆಗಲ್ಲುಗಳು ಬೇರೆ. ಇಂಥ ಕವಚಗಳ ತಯಾರಿಕೆ ಈಗ ನಮಗೂ ದೂರದ್ದಲ್ಲ. ಗಡಿಯಾಚೆಯ ಹೊಸೂರಿನ ಬಳಿ ಐಫೋನಿನ ಲೋಹದ ಕವಚ ತಯಾರಾಗುತ್ತದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಫೋನು ಜೋಡಣೆಯಾಗುತ್ತದೆ.

ಉಕ್ಕು ಇನ್ನೂ ಗಟ್ಟಿಯಲ್ಲವೇ, ಅದನ್ನೇ ಬಳಸಬಾರದೇ ಎಂದು ನೀವು ಕೇಳಬಹುದು. ಇಲ್ಲಿ ದಪ್ಪದ ಲೆಕ್ಕ ಬರುತ್ತದೆ. ಹಾಳೆಯೊಂದರ ದಪ್ಪ ಎರಡು ಪಟ್ಟಾದರೆ ಅದನ್ನು ಬಾಗಿಸಲು ಎಂಟು ಪಟ್ಟು ಬಲ ಬೇಕು. ಅಲ್ಯೂಮಿನಿಯಮ್ಮಿನ ತೂಕ ಉಕ್ಕಿನ ಮೂರನೇ ಒಂದರಷ್ಟು. ಆದ್ದರಿಂದ ಅಷ್ಟೇ ತೂಕಕ್ಕೆ ಸುಮಾರು ಮೂರು ಪಟ್ಟು ದಪ್ಪದ ಹಾಳೆ ಸಿಗುತ್ತದೆ. ಅಲ್ಯೂಮಿನಿಯಂ ಹುಟ್ಟಾ ಉಕ್ಕಿನ ಮೂರನೇ ಒಂದರಷ್ಟು ಬಿಗಿಯಾದರೂ, ಆ ದಪ್ಪದಿಂದಾಗಿ ಹಾಳೆ ಸುಮಾರು ಎಂಟೊಂಬತ್ತು ಪಟ್ಟು ಬಿಗಿಯಾಗುತ್ತದೆ.

ಇದೇ ಲೆಕ್ಕದಲ್ಲಿ ಮೆಗ್ನೀಶಿಯಂ ಇನ್ನೂ ಮುಂದೆ. ಅದರ ತೂಕ ಅಲ್ಯೂಮಿನಿಯಮ್ಮಿನ ಮೂರನೇ ಎರಡರಷ್ಟು. ಒಂದು ಕಿಲೋಗೂ ಕಡಿಮೆ ತೂಗುವ ಲ್ಯಾಪ್‌ಟಾಪುಗಳ ಮೈ ಹೆಚ್ಚಾಗಿ ಇದರದ್ದೇ. ಆದರೆ ಮೆಗ್ನೀಶಿಯಮ್ಮಿನಲ್ಲಿ ಪರಮಾಣುಗಳು ಕೂರುವ ರೀತಿಯೇ ಬೇರೆ. ಮಾಮೂಲಿ ಶಾಖದಲ್ಲಿ ಸುಕ್ಕು ಸಾಗಲು ಅಲ್ಲಿ ದಾರಿಗಳು ತೀರ ಕಡಿಮೆ. ತಣ್ಣಗಿರುವಾಗ ತಗಡನ್ನು ಮಡಿಸಲು ಹೋದರೆ ಬಿರಿಯುತ್ತದೆ. ಅದಕ್ಕೇ 100ಕ್ಕೆ ಸುಮಾರು 9 ಪಾಲು ಅಲ್ಯೂಮಿನಿಯಂ ಬೆರೆಸಿ, ಕರಗಿಸಿ, ಅಚ್ಚಿಗೆ ತುಂಬಿ ಎರಕ ಹೊಯ್ಯುತ್ತಾರೆ. ಸುಕ್ಕಿನ ದಾರಿ ಪೂರ್ತಿ ಮುಚ್ಚಿದರೆ ಲೋಹ ಒಡೆಯುತ್ತದೆ, ಪೂರ್ತಿ ತೆರೆದರೆ ನೆಗ್ಗುತ್ತದೆ. ಒಳ್ಳೆಯ ಮಿಶ್ರಲೋಹ ಈ ಎರಡರ ನಡುವೆ ನಿಲ್ಲುತ್ತದೆ.

ಬಿಸಿಯನ್ನೂ ಹೊರಗೆ ಕಳಿಸಬೇಕು

ಕವಚಕ್ಕೆ ಇನ್ನೊಂದು ಕೆಲಸವೂ ಇದೆ. ಫೋನಿನೊಳಗಿನ ಚಿಪ್ ದುಡಿದಷ್ಟೂ ಕಾಯುತ್ತದೆ. ಫ್ಯಾನು ಕೂರಿಸಲು ಜಾಗವಿಲ್ಲ. ಬಿಸಿ ಕವಚದ ಮೂಲಕವೇ ಹೊರಹೋಗಬೇಕು. ಪ್ಲಾಸ್ಟಿಕ್ಕಿಗಿಂತ ಅಲ್ಯೂಮಿನಿಯಂ ನೂರಾರು ಪಟ್ಟು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಅಲ್ಯೂಮಿನಿಯಂ ಲೋಟದಲ್ಲಿ ಬಿಸಿ ಕಾಫಿ ಹಿಡಿದು ಬೆರಳು ಸುಟ್ಟುಕೊಂಡವರಿಗೆ ಇದು ಗೊತ್ತು.

ಎಲ್ಲ ಲೋಹಗಳೂ ಇದರಲ್ಲಿ ಸಮನಲ್ಲ. ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಯ ತಳಕ್ಕೆ ತಾಮ್ರ ಹಚ್ಚುವುದೇಕೆ? ಆ ಸ್ಟೀಲಿನಲ್ಲಿ ಬಿಸಿ ಬೇಗ ಹರಡುವುದಿಲ್ಲ. ಟೈಟೇನಿಯಂ ಮಿಶ್ರಲೋಹದಲ್ಲಿ ಇನ್ನೂ ನಿಧಾನ; ಫೋನಿನ ಅಲ್ಯೂಮಿನಿಯಮ್ಮಿಗೆ ಹೋಲಿಸಿದರೆ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಗಟ್ಟಿತನದಲ್ಲಿ ಮಾತ್ರ ಅದು ಅಲ್ಯೂಮಿನಿಯಮ್ಮನ್ನು ಹಿಂದೆ ಹಾಕುತ್ತದೆ, ತೂಕದಲ್ಲಿ ಉಕ್ಕಿಗಿಂತ ಬಹಳ ಹಗುರ. 2023ರಲ್ಲಿ ಐಫೋನ್ 15 ಪ್ರೊ ಟೈಟೇನಿಯಂ ಅಂಚು ತೊಟ್ಟು ಬಂತು. 2025ರ 17 ಪ್ರೊ ಮತ್ತೆ ಅಲ್ಯೂಮಿನಿಯಮ್ಮಿಗೇ ಮರಳಿತು. ಬಿಸಿ ಹೊರಗೆ ಹಾಕುವುದು ಅದರ ಮುಖ್ಯ ಕಾರಣಗಳಲ್ಲೊಂದು. ಎಲ್ಲದಕ್ಕೂ ಮೇಲಾದ ಒಂದು ಲೋಹ ಎಂಬುದಿಲ್ಲ. ಯಾವ ಕೆಲಸಕ್ಕೆ ಯಾವುದು ಎಂಬುದನ್ನು ಪ್ರತಿಸಲವೂ ಹೊಸದಾಗಿ ತೂಗಿ ನೋಡಬೇಕು.

ಸಾಲೇ ಇಲ್ಲದ ಲೋಹ

ಸುಕ್ಕು ಎಂದರೆ ಸಾಲಿನ ದೋಷ. ಹಾಗಾದರೆ ಸಾಲೇ ಇಲ್ಲದಿದ್ದರೆ? ಗಾಜಿನೊಳಗೆ ಪರಮಾಣುಗಳು ಹೇಗೆಂದರೆ ಹಾಗೆ ಇರುತ್ತವೆ. ಲೋಹವನ್ನೂ ಗಾಜಿನಂತೆ ಮಾಡಿಬಿಟ್ಟರೆ ಸುಕ್ಕಿಗೆ ಜಾಗವೇ ಇಲ್ಲ. 1960ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪೋಲ್ ಡುವೆಜ್ ಮತ್ತು ಸಂಗಡಿಗರು ಚಿನ್ನ–ಸಿಲಿಕಾನಿನ ಕರಗಿದ ಹನಿಯನ್ನು ಸೆಕೆಂಡಿಗೆ ಸುಮಾರು 10 ಲಕ್ಷ ಡಿಗ್ರಿಯ ವೇಗದಲ್ಲಿ ತಣಿಸಿ ಇದನ್ನು ಸಾಧಿಸಿದರು. ಸಾಲು ಕಟ್ಟಲು ಪರಮಾಣುಗಳಿಗೆ ಪುರುಸೊತ್ತೇ ಸಿಗಲಿಲ್ಲ. ಸಿಕ್ಕಿದ್ದು ತೆಳ್ಳನೆಯ ಚೂರು ಮಾತ್ರ.

1990ರ ದಶಕದ ಆರಂಭದಲ್ಲಿ ಅಲ್ಲಿಯೇ ಅಟಕಾನ್ ಪೆಕರ್ ಮತ್ತು ವಿಲಿಯಂ ಜಾನ್ಸನ್ ಜಿರ್ಕೋನಿಯಂ, ಟೈಟೇನಿಯಂ, ತಾಮ್ರ, ನಿಕೆಲ್, ಬೆರಿಲಿಯಂ ಐದನ್ನೂ ಬೆರೆಸಿದರು. ನಿಂಬೆ, ಕಿತ್ತಳೆ, ಚಕ್ಕೋತ ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದರೆ ಸಾಲು ಕಟ್ಟುವುದು ಹೇಗೆ? ಗಾತ್ರಗಳು ಬೇರೆ ಬೇರೆಯಾದ್ದರಿಂದ ನಿಧಾನವಾಗಿ ತಣಿಸಿದರೂ ಅದು ಗಾಜಾಗಿಯೇ ಉಳಿಯಿತು. ನಮ್ಮ ತಂತಿಯ ಲೆಕ್ಕದಲ್ಲಿ ಚದರ ಮಿಲಿಮೀಟರಿಗೆ 190 ಕಿಲೋ! ಫೋನಿನ ಸಿಮ್ ಹೊರತೆಗೆಯುವ ಪುಟ್ಟ ಕಡ್ಡಿಯನ್ನು ಒಮ್ಮೆ ಈ ಲೋಹಗಾಜಿನಿಂದ ಮಾಡಿದ್ದರು. ಆದರೆ ಸುಕ್ಕಿಲ್ಲದ ಲೋಹಕ್ಕೆ ಸೋಲುವುದೂ ತಿಳಿಯದು. ಮಿತಿ ಮೀರಿದರೆ ಅದು ಬಾಗಿ ಎಚ್ಚರಿಸುವುದಿಲ್ಲ, ಥಟ್ಟನೆ ಮುರಿಯುತ್ತದೆ. ನೆಗ್ಗುವುದೂ ಲೋಹದ ಒಂದು ಗುಣವೇ ಎಂದು ಆಗ ಅರಿವಾಗುತ್ತದೆ. ಅಜ್ಜಿಯ ಡಬರಿ ಅಷ್ಟು ಏಟು ತಿಂದೂ ಒಡೆಯದೆ ಉಳಿದದ್ದು ನೆಗ್ಗಿದ್ದರಿಂದಲೇ.

ಗುಜರಿಯಿಂದ ಮತ್ತೆ ಕುಲುಮೆಗೆ

ಒಂದು ದಿನ ಡಬರಿಯೂ ಲ್ಯಾಪ್‌ಟಾಪೂ ಗುಜರಿ ಸೇರಬಹುದು. ಅದಿರಿನಿಂದ ಹೊಸದಾಗಿ ಅಲ್ಯೂಮಿನಿಯಂ ತೆಗೆಯಲು ಬೇಕಾದ ಶಕ್ತಿಯಲ್ಲಿ ನೂರಕ್ಕೆ ಐದರಷ್ಟಿದ್ದರೆ ಹಳೆಯದನ್ನು ಕರಗಿಸಬಹುದು. 2018ರಿಂದ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪಿನ ಮೈಗೆ ಬಳಸುತ್ತಿರುವುದು ಪೂರ್ತಿ ಮರುಬಳಕೆಯ ಅಲ್ಯೂಮಿನಿಯಂ. ಇದು ಸಾಧ್ಯವಾಗಬೇಕಾದರೆ ಸತು ಬೆರೆತದ್ದು, ಸಿಲಿಕಾನ್ ಬೆರೆತದ್ದು ಎಂದು ಗುಜರಿಯನ್ನು ವಿಂಗಡಿಸಬೇಕು. ಅದಕ್ಕೇ ಹಳೆಯ ಫೋನನ್ನು ಕಸದ ಬುಟ್ಟಿಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೆ ಕೊಡಬೇಕು. ಕಂಡದ್ದನ್ನೆಲ್ಲ ಒಟ್ಟಿಗೆ ಕರಗಿಸಿದರೆ ಬೆರಕೆ ಎಂಬ ಮಾತು ಮತ್ತೆ ತನ್ನ ಕೆಟ್ಟ ಅರ್ಥಕ್ಕೇ ಹೋಗುತ್ತದೆ.

ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಅದನ್ನು ದಾಟಿಸಿದ ಕುಲುಮೆಯಲ್ಲಿ ಸುಕ್ಕುಗಳು ಉಳಿಯುವುದಿಲ್ಲ, ತಡೆಗಲ್ಲುಗಳು ಉಳಿಯುವುದಿಲ್ಲ, ಸಾಲುಗಳೂ ಉಳಿಯುವುದಿಲ್ಲ. ಅಮ್ಮ ಎಣಿಸಿ ಹೇಳುವ ನೆಗ್ಗುಗಳೆಲ್ಲ ಒಂದೇ ಕ್ಷಣದಲ್ಲಿ ಮಾಯ. ಲ್ಯಾಪ್‌ಟಾಪಿನ ಗಟ್ಟಿತನವೂ ಮಾಯ. ಉಳಿಯುವುದು ಹೊಳೆಯುವ ದ್ರವ, ಅದರೊಳಗೆ ಚಿಟಿಕೆ ಬೆರಕೆ. ಆಮೇಲೆ ಯಾರೋ ಅದನ್ನು ಮತ್ತೆ ಎರಕ ಹೊಯ್ದು, ಕಾಯಿಸಿ, ನೀರಿಗದ್ದಿ, ಎಂಟು ಗಂಟೆ ಒಲೆಯಲ್ಲಿಟ್ಟು ಕಾಯಬೇಕು. ವಿಲ್ಮ್‌ನ ಮೇಜಿನ ಮೇಲೆ ಆ ಭಾನುವಾರ ಏನು ನಡೆಯಿತೋ ಅದೇ ಮತ್ತೊಮ್ಮೆ ಮೊದಲಿನಿಂದ ನಡೆಯಬೇಕು.